ಸಾಕ್ಷಿ ಡಬ್ಬಿಯಲ್ಲಿ ಎಂಟೇ ಚೀಟಿ

ಮೊದಲನೆಯ ಚೀಟಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡದ್ದೇ ತಡ, ಕಹಿ ಕಿವಿಯ ಬುಡದವರೆಗೆ ಏರಿತು. ಹದಿನಾರು ತುಂಬಿದಾಗ ಇದೇ ಕೋಣೆಯಲ್ಲಿ, ಇದೇ ತಗಡಿನ ಬಕೆಟ್ಟಿಗೆ ಉಗಿದಿದ್ದೆ. ಐವತ್ತೈದರಲ್ಲಿ ಮತ್ತೆ ಉಗಿದೆ.

"ಸಾಹೇಬ್ರೇ, ಇದು ಕಾನೂನಿಗೆ ವಿರೋಧ," ಎಂದ ಗೊಣಗಪ್ಪ. ಅದು ಹೆತ್ತವರು ಇಟ್ಟ ಹೆಸರಲ್ಲ. ಠಾಣೆಯ ಮುದಿ ಪೇದೆ ಅವನು. ಇಪ್ಪತ್ತು ವರ್ಷದಿಂದ ನನ್ನ ಹಿಂದೆ ಗೊಣಗುತ್ತಲೇ ನಡೆದು ಆ ಹೆಸರು ಸಂಪಾದಿಸಿದ್ದ. "ಮುದ್ರೆ ಒಡೆದದ್ದು ಒಂದು ತಪ್ಪು. ಚೀಟಿ ನೆಕ್ಕಿದ್ದು ಎರಡನೇ ತಪ್ಪು."

"ಮೂರನೇದು ಮಾಡ್ಬೇಕು, ಬಾಯಿ ತೊಳೆಯೋಕೆ ನೀರು ಕೊಡು."

ಮೇಜಿನ ಮೇಲೆ ಮೂರು ಸಾಕ್ಷಿ ಡಬ್ಬಿಗಳಿದ್ದವು. ಪ್ರತಿ ವರ್ಷ ನಾಲಿಗೆ ಪರೀಕ್ಷೆ ಮುಗಿದ ಮೇಲೆ ಆ ವರ್ಷದ ಹತ್ತು ಚೀಟಿಗಳನ್ನು ಒಂದು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ ಇಡುವುದು ನಮ್ಮೂರಿನ ಪದ್ಧತಿ. ಮುಂದೆ ಯಾರಾದರೂ ತಕರಾರು ತೆಗೆದರೆ ಇರಲಿ ಎಂದು. ಯಾರೂ ತೆಗೆದಿರಲಿಲ್ಲ. ತಕರಾರು ತೆಗೆಯಬೇಕಾದವರೆಲ್ಲ ಆ ಹೊತ್ತಿಗೆ ಗೇಟಿನ ಆಚೆ ಇರುತ್ತಿದ್ದರು.

ಮೊದಲ ಡಬ್ಬಿ ಈ ವರ್ಷದ್ದು. ಎರಡನೆಯದು ಹನ್ನೆರಡು ವರ್ಷ ಹಳೆಯದು. ಅದರ ಚೀಟಿಯೂ ಅಷ್ಟೇ ಕಹಿಯಾಗಿತ್ತು. ಹಾಗಾದರೆ ಚೀಟಿ ಹಳತಾದ ಮಾತ್ರಕ್ಕೆ ಕಹಿ ಹೋಗುವುದಿಲ್ಲ. ನನಗೆ ಬೇಕಾಗಿದ್ದುದು ಅದೇ.

ಮೂರನೆಯದು ಹನ್ನೊಂದು ವರ್ಷದ ಹಿಂದಿನದು. ಅದರ ಮುದ್ರೆ ಒಡೆದವನು ನಾನಲ್ಲ. ಮೂರು ದಿನದ ಹಿಂದೆ ಕಹಿ ಮೇಷ್ಟ್ರು ಈ ಕೋಣೆಯಲ್ಲಿ ಸತ್ತು ಬಿದ್ದಿದ್ದಾಗ ಅದು ಅವರ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು.

ಚೀಟಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಕಾದೆ. ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸಿದೆ. ಕಾಗದ ಒದ್ದೆಯಾಗಿ ಮೆತ್ತಗಾಯಿತು, ನಾಲಿಗೆಗೆ ಅಂಟಿತು.

"ಏನು ಸಾಹೇಬ್ರೇ?"

"ಏನೂ ಇಲ್ಲ."

ಮೇಷ್ಟ್ರ ಕುರ್ಚಿಯ ಮೇಲೆ ಕೂತುಬಿಟ್ಟೆ. ಗೊಣಗಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೂ ಆ ವರ್ಷ ಯಾವುದೆಂದು ಗೊತ್ತಿತ್ತು.

ನಮ್ಮೂರಿಗೆ ಹೊಸದು ಯಾವುದೂ ಸುಮ್ಮನೆ ಬರುವಂತಿಲ್ಲ. ಹೊರಗಿನಿಂದ ಬಂದ ವಸ್ತು ಏಳು ವರ್ಷ ಕಾಯುವ ಕೋಣೆಯ ಕಪಾಟಿನಲ್ಲಿ ಕೂರಬೇಕು. ಆಮೇಲೆ ಒಪ್ಪಿಗೆ ಮಂಡಳಿ ಕೈ ಎತ್ತಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನೀರೆತ್ತುವ ಪಂಪು ಬಂತು, ಎಕ್ಸ್‌ರೇ ಬಂತು. ಕೈಫೋನು ಬರಲಿಲ್ಲ, ಒತ್ತಿದರೆ ಟಕ್ಕನೆ ಕೂರುವ ಅಂಗಿಯ ಒತ್ತುಗುಂಡಿ ಸಹ ಬರಲಿಲ್ಲ. ರೋಗ ತಗಲದ ಹಾಗೆ ವಂಶವಾಹಿ ತಿದ್ದಿದ ಗೋಧಿಗೆ ಒಪ್ಪಿಗೆ ಸಿಕ್ಕಿತು. ಅದೇ ಕೆಲಸವನ್ನು ಹೊಟ್ಟೆಯೊಳಗಿನ ಮಗುವಿಗೆ ಮಾಡಿಸಿದರೆ ಮಾತ್ರ ಆ ಮಗುವಿಗೆ ಊರಿಲ್ಲ. ತಿದ್ದಿದ ಗೋಧಿಯನ್ನು ಮೂರು ಹೊತ್ತೂ ತಿಂದು ತಿದ್ದಿದ ಮಕ್ಕಳ ಮೇಲೆ ಹಲ್ಲು ಕಡಿಯುವ ಜನ ನಾವು.

ತಿದ್ದಿದವರನ್ನು ಕಂಡುಹಿಡಿಯುವುದು ಸುಲಭ. ಹೊರಗಿನ ಆಸ್ಪತ್ರೆಗಳು ತಾವು ತಿದ್ದಿದ ಪ್ರತಿ ಮಗುವಿನ ನಾಲಿಗೆಯಿಂದ ಒಂದು ಬಗೆಯ ಕಹಿಯನ್ನು ಅಳಿಸಿಬಿಡುತ್ತವೆ, ಕುರಿಯ ಕಿವಿಗೆ ಗುರುತು ಹಾಕಿದ ಹಾಗೆ. ಆ ಕಹಿಯಲ್ಲಿ ಅದ್ದಿದ ಚೀಟಿಯನ್ನು ಹದಿನಾರು ತುಂಬಿದವರ ನಾಲಿಗೆಗೆ ಇಟ್ಟು ಮುಖ ನೋಡುವುದೇ ಪರೀಕ್ಷೆ. ಮುಖ ಕಿವುಚಿದರೆ ನಮ್ಮವರು. ಕಿವುಚದಿದ್ದರೆ ಮೂರು ದಿನದಲ್ಲಿ ಗೇಟಿನ ಆಚೆ. ಮೂವತ್ತು ವರ್ಷ ಆ ಪರೀಕ್ಷೆ ನಡೆಸಿದ್ದಕ್ಕೇ ಮೇಷ್ಟ್ರಿಗೆ ಕಹಿ ಮೇಷ್ಟ್ರು ಎಂಬ ಹೆಸರು ಬಂದದ್ದು.

ಹನ್ನೊಂದು ವರ್ಷದ ಹಿಂದೆ ನಲವತ್ತೇಳು ಮಕ್ಕಳು ಈ ಬಕೆಟ್ಟಿನ ಮುಂದೆ ಸಾಲಾಗಿ ನಿಂತಿದ್ದರು. ನಲವತ್ತಾರು ಮಕ್ಕಳು ಮುಖ ಕಿವುಚಿದರು, ಉಗಿದರು, ನೀರು ಬೇಡಿದರು. ನಲವತ್ತೇಳನೆಯವನು, "ಮೇಷ್ಟ್ರೇ, ಇದ್ರಲ್ಲಿ ಏನೂ ಇಲ್ಲ," ಎಂದ. ಮೇಷ್ಟ್ರು ಇನ್ನೊಂದು ಚೀಟಿ ಕೊಟ್ಟರು. ಮತ್ತೊಂದು ಕೊಟ್ಟರು. ಅವನು ಅದನ್ನೇ ಹೇಳಿದ.

ಅವನು ನನ್ನ ಮಗ.

ಮಗ ತಿದ್ದಿದವನು ಎಂದ ಮೇಲೆ ಬಸುರಿಯಾಗಿದ್ದಾಗ ತಾಯಿ ಕದ್ದು ಗೇಟು ದಾಟಿರಬೇಕು. ನನ್ನ ಹೆಂಡತಿ ಮೂರು ದಿನವೂ ಒಂದೇ ಮಾತು ಹೇಳಿದಳು: "ನಾನು ಎಲ್ಲೂ ಹೋಗಿಲ್ಲ. ನಿಮ್ಮ ಜೊತೆ ಅಲ್ಲದೆ ಈ ಬೀದಿ ಸಹ ದಾಟಿಲ್ಲ." ನಾನು ಅವಳಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ನಿನ್ನ ಮಾತಿಗಿಂತ ನಂಗೆ ಚೀಟಿ ಮಾತು ಹೆಚ್ಚು," ಎಂದೆ. ಮಗನ ಜೊತೆ ತಾನೂ ಹೊರಟಳು. ಆ ದಿನ ಗೇಟಿನ ಕೆಲಸ ನನ್ನದೇ ಆಗಿತ್ತು. ಬೇರೆಯವರಿಗೆ ವಹಿಸಬಹುದಿತ್ತು. ವಹಿಸಲಿಲ್ಲ, ಕರ್ತವ್ಯ ಎಂಬ ಜಂಭ. ಅಗುಳಿ ತೆಗೆದವನೂ ನಾನೇ, ಹಾಕಿದವನೂ ನಾನೇ.

ಈಗ ಗೊತ್ತಾಯಿತು. ಆ ವರ್ಷದ ಚೀಟಿಗಳಲ್ಲಿ ಕಹಿಯೇ ಇರಲಿಲ್ಲ. ನಲವತ್ತಾರು ಮಕ್ಕಳು ಅಣ್ಣಂದಿರನ್ನು, ಅಕ್ಕಂದಿರನ್ನು ನೋಡಿ ಕಲಿತ ಮುಖವನ್ನು ಹೆದರಿಕೆಯಿಂದ ಮಾಡಿ ತೋರಿಸಿ ಊರಲ್ಲಿ ಉಳಿದರು. ಅವರಲ್ಲಿ ಇಬ್ಬರು ಈಗ ಮಂಡಳಿಯ ಸದಸ್ಯರು. ನಿಜ ಹೇಳಿದ ಒಬ್ಬನನ್ನು ಊರು ಹೊರಗೆ ಹಾಕಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ಮೇಷ್ಟ್ರಿಗೂ ಇದು ಗೊತ್ತಾಗಿತ್ತು," ಎಂದೆ. "ಮುಂದಿನ ತಿಂಗಳು ನಿವೃತ್ತಿ. ಡಬ್ಬಿಗಳನ್ನ ಒಪ್ಪಿಸೋಕೆ ತೆಗೆದು ನೋಡಿದ್ದಾರೆ. ಆ ವರ್ಷ ಮನಸ್ಸಿಗೆ ಚುಚ್ಚಿರ್ಬೇಕು, ಒಂದು ಚೀಟಿ ಬಾಯಿಗೆ ಇಟ್ಕೊಂಡ್ರು."

ಮೇಷ್ಟ್ರ ಹೆಣದ ನಾಲಿಗೆಯ ಮೇಲೆ ಒಂದು ಚೀಟಿ ಇತ್ತು. ತಲೆಯ ಹಿಂಭಾಗ ಕಾಗದ ಕತ್ತರಿಸುವ ಯಂತ್ರದ ಕಬ್ಬಿಣದ ಹಿಡಿಗೆ ಬಡಿದಿತ್ತು; ಯಾರೋ ಎದೆಯ ಮೇಲೆ ಕೈ ಇಟ್ಟು ತಳ್ಳಿದ ಪೆಟ್ಟು ಎಂದು ಡಾಕ್ಟರು ಹೇಳಿದ್ದರು. ಬಿಗಿದ ಮುಷ್ಟಿಯೊಳಗೆ ಒಂದು ಒತ್ತುಗುಂಡಿ ಸಿಕ್ಕಿತ್ತು. ಊರಲ್ಲಿ ಇಲ್ಲದ ಗುಂಡಿ ಎಂದ ಮೇಲೆ, ವಾರಕ್ಕೊಮ್ಮೆ ಹೊರಗೆ ಹೋಗಿ ಔಷಧಿ ತರುವ ಗಾಡಿಯವನೇ ಕೊಲೆಗಾರ ಎಂದು ಮಂಡಳಿ ತೀರ್ಮಾನಿಸಿ ಅವನನ್ನು ಲಾಕಪ್ಪಿಗೆ ಹಾಕಿಸಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ನಮ್ಮ ಮಂಡಳಿ ಎತ್ತಿದ ಕೈ. ಗಾಡಿಯವನು ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಸಂಜೆ ಐದಕ್ಕೆ ಮಂಡಳಿಗೆ ನನ್ನ ವರದಿ ಬೇಕಾಗಿತ್ತು.

"ಡಬ್ಬೀಲಿ ಎಷ್ಟು ಚೀಟಿ ಇತ್ತು ಹೇಳು," ಎಂದು ಗೊಣಗಪ್ಪನನ್ನು ಕೇಳಿದೆ.

"ನೀವು ತೆಗೆಯೋಕೆ ಮುಂಚೆ ಎಂಟು. ನಾನೇ ಎಣಿಸಿದ್ನಲ್ಲ."

"ಇಟ್ಟದ್ದು ಹತ್ತು. ಮೇಷ್ಟ್ರ ಬಾಯಲ್ಲಿ ಒಂದು."

ಗೊಣಗಪ್ಪ ಬೆರಳು ಮಡಚಿ ನೋಡಿದ. "ಇನ್ನೊಂದು ಎಲ್ಲೋಯ್ತು?"

"ಬೇರೊಂದು ನಾಲಿಗೆ ಮೇಲೆ. ಆವತ್ತು ಈ ಕೋಣೇಲಿ ಇನ್ನೊಬ್ರು ಚೀಟಿ ರುಚಿ ನೋಡಿದ್ದಾರೆ."

ಆ ನಾಲಿಗೆ ಯಾರದು ಎಂಬುದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇತ್ತು. ಚೀಟಿ ಮಾಡಿದವರೇ ಮೊದಲು ನೆಕ್ಕಿ ನೋಡಬೇಕು, ಅದೂ ಮಂಡಳಿಯ ಸಾಕ್ಷಿಯ ಎದುರು, ಎಂಬುದು ನಿಯಮ. ಆ ನಿಯಮದ ಮೇಲೆ ನಮಗೆ ಎಷ್ಟು ನಂಬಿಕೆ ಎಂದರೆ, ಮಾಡಿದವರು ನೆಕ್ಕಿದ ಮೇಲೆ ಇನ್ನೊಬ್ಬ ದೊಡ್ಡವರು ನೆಕ್ಕುವುದು ಅಪರಾಧ. ಹಾಗಾದರೆ ಆ ವರ್ಷ ಬರೀ ಕಾಗದ ನೆಕ್ಕಿ ಕಹಿ ಇದೆ ಎಂದವರು ಯಾರು?

ಅದು ನನಗೆ ಹೊಸದಾಗಿ ತಿಳಿಯಬೇಕಾದ ವಿಷಯವಲ್ಲ. ಇಪ್ಪತ್ತಾರು ವರ್ಷದಿಂದ ಊರಿನ ಚೀಟಿ ಮಾಡುತ್ತಿರುವವಳು ಔಷಧದಂಗಡಿಯ ನನ್ನ ಅಕ್ಕ.

ಮೇಷ್ಟ್ರ ಮೇಜಿನ ಮೇಲಿದ್ದ ಬ್ಲಾಟಿಂಗ್ ಪೇಪರಿನಿಂದ ಚೀಟಿಯ ಅಳತೆಗೆ ಒಂದು ತುಂಡು ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

*

ಮಧ್ಯಾಹ್ನ ಅಂಗಡಿಗೆ ಒಂದು ಗಂಟೆ ಬಿಡುವು. ಗೊಣಗಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿ ಒಳಗೆ ಹೋದೆ. ಅಕ್ಕ ಮಾತ್ರೆಯ ಅಚ್ಚನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ತಲೆಯ ಮೇಲಿನ ದಾರದಲ್ಲಿ ಕ್ಲಿಪ್ಪು ಸಿಕ್ಕಿಸಿದ ಚೀಟಿಗಳು ಒಣಗುತ್ತಿದ್ದವು. ಮೂಲೆಯ ಕಲ್ಲಿನ ಮೇಲೆ ಎರಡು ತಟ್ಟೆಗಳನ್ನು ತೊಳೆದು ಬೋರಲು ಹಾಕಿತ್ತು. ಭಾವ ಸತ್ತು ಆರು ವರ್ಷ, ಮಕ್ಕಳಿಲ್ಲ, ಅಕ್ಕ ಒಂಟಿ. ಬೆಳಿಗ್ಗೆಯದೂ ಈಗಲೇ ತೊಳೆದಿರಬೇಕು ಎಂದುಕೊಂಡೆ.

"ಏನೋ, ಮುಖ ಸುಟ್ಟ ಬದನೆಕಾಯಿ ಆಗಿದೆ. ಊಟ ಆಯ್ತಾ?"

"ಆಯ್ತು," ಎಂದು ಸುಳ್ಳು ಹೇಳಿದೆ. "ಅಕ್ಕಾ, ಮೇಷ್ಟ್ರ ಕೋಣೇಲಿ ಈ ವರ್ಷದ ಚೀಟಿ ಮಿಕ್ಕಿತ್ತು. ಒಂಥರಾ ಇದೆ. ನೀನು ಮಾಡಿದವಳಲ್ವಾ, ನಿಂಗೆ ನೋಡೋ ಹಕ್ಕಿದೆ. ಸರಿ ಇದೆಯಾ ಹೇಳು."

ಜೇಬಿನ ತುಂಡನ್ನು ಕೊಟ್ಟೆ. ಅವಳು ಅದನ್ನು ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿತು, ಮೂಗು ಸುಕ್ಕಾಯಿತು, ತುಟಿ ಒಂದು ಕಡೆಗೆ ಎಳೆಯಿತು. ಬಚ್ಚಲಿಗೆ ಉಗಿದು ಲೋಟದ ನೀರು ಕುಡಿದಳು.

"ಸರಿಯಾಗೇ ಇದೆಯಲ್ಲೋ. ವಿಷ ಇದ್ದ ಹಾಗಿದೆ."

"ಅಕ್ಕಾ, ಅದು ಮೇಷ್ಟ್ರ ಮೇಜಿನ ಬ್ಲಾಟಿಂಗ್ ಪೇಪರು."

ಅವಳ ಕೈಯ ಲೋಟ ಬೀಳಲಿಲ್ಲ. ನಿಧಾನವಾಗಿ ಅದನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಸ್ಟೂಲು ಎಳೆದು ಕೂತಳು. ಇಷ್ಟು ವರ್ಷ ನಿಂತೇ ಇದ್ದು ಈಗ ಕೂತವಳ ಹಾಗೆ ಕಂಡಳು.

"ಅಮ್ಮ ಕಲಿಸಿದ್ದು," ಎಂದಳು. "ಕನ್ನಡಿ ಮುಂದೆ ನಿಲ್ಲಿಸಿ ಒಂದು ವರ್ಷ ಕಲಿಸಿದ್ಲು. ಮೊದಲು ಮೂಗು, ಆಮೇಲೆ ತುಟಿ. ಉಲ್ಟಾ ಆದ್ರೆ ಏಟು ಬೀಳೋದು."

"ನೀನು ತಿದ್ದಿದವಳಾ?"

"ನನಗಿಂತ ಮುಂಚೆ ಎರಡು ಮಗು ರಕ್ತದ ಕಾಯಿಲೇಲಿ ಹೋಗಿದ್ವು, ನಿಂಗೆ ಗೊತ್ತು. ಮೂರನೇದಾದ್ರೂ ಉಳೀಲಿ ಅಂತ ಅಮ್ಮ ಗೇಟು ದಾಟಿದ್ಲು. ನಿನ್ನ ಹೊತ್ತಾಗ ಕಾವಲು ಬಿಗಿ ಇತ್ತು, ದೇವರ ಮೇಲೆ ಭಾರ ಹಾಕಿದ್ಲು. ನೀನು ಹಾಗೇ ಉಳ್ಕೊಂಡೆ. ಅದೃಷ್ಟ ನಿಂದು."

ಅದೃಷ್ಟ ಎಂಬ ಪದ ಕೇಳಿ ನನಗೆ ಮೈ ಉರಿಯಿತು.

"ಆ ವರ್ಷ ಏನಾಯ್ತು ಹೇಳು."

"ಕಹಿ ಪುಡಿ ಮುಗೀತಾ ಬಂದಿತ್ತು. ಹೊರಗಿಂದ ತರಿಸ್ದೆ. ಬಂದ ಬಾಟಲಿಗೆ ಹೊಸ ಥರದ ಮುಚ್ಚಳ, ಒತ್ತಿ ತಿರುಗಿಸಿದ್ರೆ ಮಾತ್ರ ಬಿಚ್ಚೋ ಹಾಗಿರೋದು. ಮುಚ್ಚಳ ಹೊಸ ಯಂತ್ರ ಅಂತ ಹೇಳಿ ಮಂಡಳಿಯವರು ಬಾಟಲೀನೇ ಕಾಯುವ ಕೋಣೇಲಿ ಇಟ್ರು. ಏಳು ವರ್ಷ ಕಾಯ್ಬೇಕಂತೆ. ಪುಡಿ ಬೇರೆ ಪಾತ್ರೆಗೆ ಸುರ್ಕೊಂಡು ಕೊಡಿ ಅಂದೆ. ಸುರೀಬೇಕಾದ್ರೆ ಮುಚ್ಚಳ ಬಿಚ್ಚಬೇಕಲ್ಲಮ್ಮಾ ಅಂದ್ರು."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು.

"ಹಳೇ ಬಾಟಲಿ ತಳದಲ್ಲಿ ಮಿಕ್ಕಿದ್ದ ಪುಡೀಲಿ ಮಾಡ್ದೆ ಅಂದ್ಕೊಂಡಿದ್ದೆ. ಪಕ್ಕದಲ್ಲೇ ಮಾತ್ರೆ ಕಟ್ಟೋ ಗಂಜಿಪುಡಿ. ಎರಡೂ ಬಿಳಿ, ಎರಡರ ಲೇಬಲ್ಲೂ ಜಿರಲೆ ತಿಂದಿತ್ತು. ಬೇರೆ ಯಾರೇ ಆಗಿದ್ರೂ ನೆಕ್ಕಿದ ತಕ್ಷಣ ಗೊತ್ತಾಗ್ತಿತ್ತು. ನಾನು ಗಂಜಿ ನೆಕ್ಕಿ, ಮಂಡಳಿ ಸಾಕ್ಷಿ ಮುಂದೆ ಮುಖ ಕಿವುಚಿ, ಸಹಿ ಹಾಕ್ದೆ."

"ಯಾವಾಗ ಗೊತ್ತಾಯ್ತು?"

ಅವಳು ಮಾತ್ರೆಯ ಅಚ್ಚನ್ನು ಮತ್ತೆ ಒರೆಸತೊಡಗಿದಳು.

"ಅಕ್ಕಾ. ಯಾವಾಗ ಗೊತ್ತಾಯ್ತು ನಿಂಗೆ?"

"ಅವರು ಹೋದ ಮಾರನೇ ದಿನ. ಗಂಜಿಪುಡಿ ಅಂತ ಮಾತ್ರೆ ಕಟ್ಟಿ ಕೊಟ್ಟೆ, ಪಕ್ಕದ್ಮನೆಯವನು ಥೂ ಕಹಿ ಅಂತ ವಾಪಸ್ ತಂದ."

ಮಾರನೇ ದಿನ. ಆಗ ಅವರು ಇನ್ನೂ ಗೇಟಿನ ಆಚೆಯ ಛತ್ರದಲ್ಲೇ ಇದ್ದಿರಬೇಕು. ಓಡಿ ಹೋಗಿದ್ದರೆ ಒಂದು ಗಂಟೆಯೊಳಗೆ ಕರೆದುಕೊಂಡು ಬರಬಹುದಿತ್ತು. ನನಗೆ ಅವಳನ್ನು ಹೊಡೆಯಬೇಕೆನ್ನಿಸಿತು. ತಾಯಿಯ ಹಾಗೆ ಸಾಕಿದವಳು, ಜ್ವರ ಬಂದಾಗ ರಾತ್ರಿಯಿಡೀ ಎತ್ತಿಕೊಂಡು ತಿರುಗಿದವಳು. ಅವಳ ಕುತ್ತಿಗೆ ಹಿಡಿಯಬೇಕೆನ್ನಿಸಿತು.

"ಹನ್ನೊಂದು ವರ್ಷ, ಅಕ್ಕಾ. ವಾರಕ್ಕೆ ಎರಡು ಸಲ ನಂಗೆ ಊಟ ಬಡಿಸ್ದೆ."

"ಬಾಯಿ ಬಿಟ್ಟಿದ್ರೆ, ನೆಕ್ಕಿದಾಗ ನಂಗೇಕೆ ಗೊತ್ತಾಗ್ಲಿಲ್ಲ ಅಂತ ಕೇಳ್ತಿದ್ರು. ಮೂರು ದಿನದಲ್ಲಿ ನಾನೂ ಆಚೆ. ನಿಮ್ಮ ಭಾವ ಹಾಸಿಗೆ ಹಿಡಿದಿದ್ರು. ಹೆದರ್ದೆ ಕಣೋ. ಬೇರೆ ಏನೂ ಇಲ್ಲ, ಹೆದರ್ದೆ." ಆಮೇಲೆ ನನ್ನನ್ನು ನೇರವಾಗಿ ನೋಡಿದಳು. "ನಾನು ಕೊಟ್ಟಿದ್ದು ಒಂದು ಕೆಟ್ಟ ಚೀಟಿ. ಕಟ್ಟಿಕೊಂಡವಳು ಕಾಲು ಹಿಡಿದು ಹೇಳಿದ್ಲಲ್ಲ, ನಂಬದೇ ಇದ್ದವನು ನೀನು. ಅದನ್ನೂ ನನ್ನ ತಲೆಗೇ ಕಟ್ಬೇಡ."

ಗೋಡೆಯ ಗಡಿಯಾರ ಮೂರು ಹೊಡೆಯಿತು.

"ಇವತ್ತು ಮಂಡಳಿ ಮುಂದೆ ಎಲ್ಲಾ ಹೇಳ್ತೀನಿ," ಎಂದೆ. "ಗಾಡಿಯವನು ಬಿಡುಗಡೆ ಆಗ್ಲಿ. ಆಮೇಲೆ ಕೆಲಸ ಬಿಟ್ಟು ಗೇಟು ದಾಟ್ತೀನಿ. ಅವಳು ಎಲ್ಲಿದ್ರೂ ಹುಡುಕ್ತೀನಿ. ಕ್ಷಮಿಸೋದು ಬಿಡೋದು ಅವಳಿಗೆ ಬಿಟ್ಟಿದ್ದು. ಒಂದು ಸಲ ಎದುರಿಗೆ ನಿಂತು ಹೇಳ್ಬೇಕು."

"ಯಾರಿಗೆ ಹೇಳ್ತೀಯಾ?" ಅಕ್ಕನ ದನಿ ಒಡೆಯಿತು. "ಅವಳು ತೀರ್ಕೊಂಡು ಎರಡು ವರ್ಷ ಆಯ್ತು."

ಅಂಗಡಿಯಲ್ಲಿ ದಾರದ ಮೇಲಿನ ಚೀಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಹನ್ನೊಂದು ವರ್ಷ ನಾನು ಹೆಂಡತಿಯ ಮೇಲೆ ಸಿಟ್ಟನ್ನು ಸಾಕಿಕೊಂಡಿದ್ದೆ. ಅದರಲ್ಲಿ ಎರಡು ವರ್ಷ ಮಣ್ಣಾದವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅಳಬೇಕಾಗಿತ್ತು. ಆದರೆ ಮೂವತ್ತು ವರ್ಷದ ಪೊಲೀಸು ಬುದ್ಧಿ ಕಣ್ಣೀರಿಗಿಂತ ಮೊದಲು ಓಡಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಬಾಯಿ ಕೇಳಿಯೇಬಿಟ್ಟಿತು.

"ನಿಂಗೆ ಯಾರು ಹೇಳಿದ್ರು?"

ಹೊರಗೆ ಹಾಕಿದವರಿಂದ ಊರಿಗೆ ಕಾಗದ ಬರುವಂತಿಲ್ಲ, ಊರಿನಿಂದ ಅವರಿಗೆ ಹೋಗುವಂತಿಲ್ಲ. ಸತ್ತ ಸುದ್ದಿಯೂ ಗೇಟು ದಾಟುವುದಿಲ್ಲ. ಕಾಗದ ಬರದಿದ್ದರೆ ಮನುಷ್ಯ ಬಂದಿರಬೇಕು.

ಬೋರಲು ಹಾಕಿದ ಎರಡು ತಟ್ಟೆಗಳ ಕಡೆ ನೋಡಿದೆ. ವಾರಕ್ಕೊಮ್ಮೆ ಗೇಟು ದಾಟುವ ಔಷಧಿ ಗಾಡಿ ಬಂದು ನಿಲ್ಲುವುದು ಇದೇ ಅಂಗಡಿಯ ಹಿತ್ತಲಿಗೆ. ಎರಡು ದಿನ ಲಾಕಪ್ಪಿನಲ್ಲಿ ಕೊಳೆತರೂ ಗಾಡಿಯವನು ಯಾರ ಹೆಸರೂ ಎತ್ತಿರಲಿಲ್ಲ.

"ಮೇಷ್ಟ್ರು ನನ್ನ ಮಗನಿಗೆ ಗಾಡಿಯವನ ಕೈಲಿ ಹೇಳಿ ಕಳಿಸಿದ್ರು, ಅಲ್ವಾ?" ಎಂದೆ. "ತಪ್ಪಾಯ್ತು ಬಾ, ನೀನೇ ನೆಕ್ಕಿ ನೋಡು ಅಂತ. ಒಂಬತ್ತನೇ ಚೀಟಿ ಮೇಷ್ಟ್ರದ್ದು. ಹತ್ತನೇದು ಯಾರದ್ದು ಅಕ್ಕಾ?"

"ಗಾಡಿಯವನು ಬಂದು ಹೇಳ್ದ, ನಾನು ಹೋಗೋ ಹೊತ್ತಿಗೆ ಮೇಷ್ಟ್ರು ಬಿದ್ದಿದ್ರು," ಎಂದಳು. "ಅವನು ಪಕ್ಕದಲ್ಲಿ ಕೂತಿದ್ದ. ನಾನು ಕೈ ಹಿಡಿದು ಎಬ್ಬಿಸಿ ಹಿತ್ತಲ ದಾರೀಲಿ ಕರ್ಕೊಂಡು ಬಂದೆ. ಏನಾಯ್ತು ಅಂತ ನಾನು ಕೇಳಿಲ್ಲ. ಒಂದು ಸಲ ಬಾಯಿ ಮುಚ್ಕೊಂಡು ಅವನನ್ನ ಕಳ್ಕೊಂಡೆ. ಈ ಸಲ ಬಾಯಿ ಮುಚ್ಕೊಂಡೇ ಉಳಿಸ್ಕೋಬೇಕು ಅಂದ್ಕೊಂಡೆ."

ನನ್ನ ಕಣ್ಣು ಒಳಕೋಣೆಯ ಬಾಗಿಲ ಕಡೆ ಹೋಯಿತು. ಮುಚ್ಚಿತ್ತು. ಅಗುಳಿ ನಮ್ಮ ಕಡೆಗಿತ್ತು.

ಮೆಟ್ಟಿಲ ಮೇಲೆ ಗೊಣಗಪ್ಪ ಕೆಮ್ಮಿದ. "ಸಾಹೇಬ್ರೇ, ಮಂಡಳಿಯಿಂದ ಆಳು ಬಂದಿದ್ದಾನೆ. ವರದಿ ರೆಡಿ ಇದೆಯಾ ಅಂತ ಕೇಳ್ತಿದ್ದಾನೆ."

"ಅವನನ್ನ ಅಲ್ಲೇ ನಿಲ್ಸು," ಎಂದೆ.

ಅಕ್ಕ ಎದ್ದು ಗೋಡೆಗೆ ಸರಿದು ನಿಂತಳು. "ಅವತ್ತು ಅಗುಳಿ ತೆಗೆದು ಕಳಿಸಿದವನು ನೀನು. ಇವತ್ತು ನೀನೇ ತೆಗಿ. ನಾನು ಮುಟ್ಟಲ್ಲ."

ನಾಲ್ಕು ಹೆಜ್ಜೆಯ ದೂರ. ಜೇಬಿನಲ್ಲಿ ಕೈ ಹಾಕಿದಾಗ ಮೇಷ್ಟ್ರ ಮುಷ್ಟಿಯಲ್ಲಿ ಸಿಕ್ಕಿದ್ದ ಒತ್ತುಗುಂಡಿ ಬೆರಳಿಗೆ ತಗುಲಿತು. ಅಗುಳಿಯ ಮೇಲೆ ಕೈ ಇಟ್ಟೆ. ನಾನು ತೆಗೆಯುವ ಮೊದಲೇ ಹಲಗೆಯ ಆಚೆಯಿಂದ, ಬಾಗಿಲಿಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ, ಒಂದು ಗಂಡಸಿನ ದನಿ ಬಂತು. ನಾನು ಬಲ್ಲ ದನಿಯಲ್ಲ. ನಾನು ಬಲ್ಲ ದನಿಗೆ ಇನ್ನೂ ಮೀಸೆ ಮೂಡಿರಲಿಲ್ಲ, ಅದು ನನ್ನನ್ನು 'ನೀನು' ಎನ್ನುತ್ತಿತ್ತು.

"ಅಪ್ಪಾ, ಮೇಷ್ಟ್ರು ಹೇಗೆ ಸತ್ರು ಅಂತ ನೀವು ಕೇಳ್ತೀರಿ, ಗೊತ್ತು," ಎಂದಿತು ಆ ದನಿ. "ಮೊದಲು ಒಂದು ಹೇಳಿ. ಈ ಸಲಾನೂ ನಾನು ನಿಜಾನೇ ಹೇಳ್ಬೇಕಾ?"